ಹೋಲಿಸಿ ಬರೆಯಿರಿ ಅಂದಾಗ ಏನು ಬರೆಯಬೇಕು?

ಪರೀಕ್ಷೆ ಹತ್ತಿರ ಬಂತು ಅಂದರೆ ನನಗೆ ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಇದೇ ಮಾತು. “ಮೇಡಂ, ಎರಡೂ ಕೃತಿ ಓದಿದ್ದೇನೆ. ಕಥೆ ಕೇಳಿ, ಹೇಳ್ತೀನಿ. ಆದರೆ ಹೋಲಿಸಿ ಬರೆಯಿರಿ ಅಂದರೆ ಪೆನ್ನು ಓಡಲ್ಲ.” ದಾವಣಗೆರೆ ವಿಶ್ವವಿದ್ಯಾಲಯದ ತೋಳಹುಣಸೆ ಕ್ಯಾಂಪಸ್ಸಿನಲ್ಲಿ ಕನ್ನಡ ಎಂ.ಎ. ಓದುವವರು ಕೇಳುತ್ತಾರೆ. ಚಿತ್ರದುರ್ಗದಲ್ಲಿ ರೂಮು ಮಾಡಿಕೊಂಡು ಯುಪಿಎಸ್‌ಸಿಗೆ ಕನ್ನಡವನ್ನು ಐಚ್ಛಿಕ ವಿಷಯವಾಗಿ ತಗೊಂಡವರು ಕೇಳುತ್ತಾರೆ. ಜಗಳೂರು, ಹೊಸದುರ್ಗದ ಕಡೆಯಿಂದ ಬಸ್ಸಿನಲ್ಲಿ ಬಂದು ಹೋಗುವವರು ಬಸ್‌ಸ್ಟ್ಯಾಂಡಿನಲ್ಲೇ ಹಿಡಿದು ಕೇಳುತ್ತಾರೆ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳಿ ಸಾಕಾಗಿ ಈಗ ಒಂದೇ ಸಲ ಬರೆದಿಡುತ್ತಿದ್ದೇನೆ.

ಮೊದಲು ಒಂದು ಮಾತು. ಹೋಲಿಸುವುದು ದಾವಣಗೆರೆಯವರಿಗೆ ಹೇಳಿಕೊಡಬೇಕಾದ ವಿದ್ಯೆಯೇನಲ್ಲ. ಎರಡು ಹೋಟೆಲಿನ ಬೆಣ್ಣೆ ದೋಸೆ ತಿಂದು ಬಂದವರು ಹೇಗೆ ಮಾತಾಡುತ್ತಾರೆ ನೋಡಿ. “ಮೊದಲನೇ ಹೋಟೆಲು ಇಂಥ ಇಸವಿಯಲ್ಲಿ ಶುರುವಾಯಿತು, ಅಲ್ಲಿನ ದೋಸೆ ದುಂಡಗಿರುತ್ತದೆ” ಅಂತ ಯಾರಾದರೂ ಶುರು ಮಾಡುತ್ತಾರಾ? “ಬೆಣ್ಣೆ ಅಲ್ಲಿ ಜಾಸ್ತಿ, ಆದ್ರೆ ಗರಿಗರಿ ಇಲ್ಲೇ” ಅನ್ನುತ್ತಾರೆ. ಒಂದೇ ಮಾತಿನಲ್ಲಿ ಎರಡೂ ದೋಸೆ ಬಂತು, ಅಳತೆಗೋಲೂ ಬಂತು, ತೀರ್ಪೂ ಬಂತು. ಅದೇ ಜನ ಉತ್ತರಪತ್ರಿಕೆ ಮುಂದೆ ಕೂತರೆ ಒಂದೂವರೆ ಪುಟ ಒಂದು ಕಾದಂಬರಿಯ ಕಥೆ, ಒಂದೂವರೆ ಪುಟ ಇನ್ನೊಂದರ ಕಥೆ ಬರೆದು, ಕೊನೆಗೆ “ಹೀಗೆ ಎರಡೂ ಕೃತಿಗಳು ಶ್ರೇಷ್ಠವಾಗಿವೆ” ಅಂತ ಗೆರೆ ಎಳೆದು ಎದ್ದು ಬರುತ್ತಾರೆ.

ಆ ಗೆರೆಗೆ ಅಂಕ ಇಲ್ಲ. ಇವತ್ತು ನಾನು ಹೇಳಬೇಕಾಗಿರುವುದು ಇಷ್ಟೇ: ಎರಡು ಕೃತಿಗೂ ಒಂದೇ ಪ್ರಶ್ನೆ ಕೇಳಿ, ಅವು ಎಲ್ಲಿ ಬೇರೆ ದಾರಿ ಹಿಡಿದವು ಅಂತ ತೋರಿಸಿ. ಇದನ್ನು ಮನೆಯಲ್ಲೇ ಅಭ್ಯಾಸ ಮಾಡುವುದು ಹೇಗೆ ಅಂತ ಮುಂದೆ ನೋಡೋಣ.

ಬೇಕಾಗುವ ಸಾಮಾನು ಜಾಸ್ತಿ ಇಲ್ಲ. ನಿಮ್ಮ ಪಠ್ಯದ ಮೂಲ ಪುಸ್ತಕಗಳು, ಹಿಂದಿನ ಐದು ವರ್ಷದ ಪ್ರಶ್ನೆಪತ್ರಿಕೆಗಳು, ಒಂದು ದಪ್ಪ ನೋಟ್‌ಬುಕ್ಕು, ಗೋಡೆಗೆ ಅಂಟಿಸಲು ಒಂದಿಷ್ಟು ದೊಡ್ಡ ಹಾಳೆ, ಒಂದು ಗಡಿಯಾರ. ಮತ್ತೆ ಎರಡು ತಿಂಗಳು. ಹದಿನೈದು ದಿನ ಇದೆ ಅನ್ನುವವರು ನೇರ ಮೂರನೇ ಹಂತಕ್ಕೆ ಹೋಗಿ.

1. ಮೊದಲು ಪ್ರಶ್ನೆಪತ್ರಿಕೆ ಓದಿ, ಪುಸ್ತಕ ಆಮೇಲೆ

ಹಳೇ ಪ್ರಶ್ನೆಪತ್ರಿಕೆಗಳನ್ನು ಹರಡಿಕೊಂಡು ಕೂತು ಪ್ರತಿ ಪ್ರಶ್ನೆಯ ಕೊನೆಯ ಪದಕ್ಕೆ ಗೆರೆ ಎಳೆಯಿರಿ. ನಮ್ಮವರು ಎಡವುವುದು ಹೆಚ್ಚಾಗಿ ಅಲ್ಲೇ. “ವಿವರಿಸಿ” ಅಂದರೆ ಇದ್ದದ್ದನ್ನು ಬಿಡಿಸಿ ಹೇಳಿ ಅಂತ. “ವಿವೇಚಿಸಿ” ಅಂದರೆ ತೂಗಿ ನೋಡಿ, ನಿಮ್ಮ ನಿಲುವೂ ಬೇಕು. “ಸಮರ್ಥಿಸಿ” ಅಂದರೆ ಪ್ರಶ್ನೆಯಲ್ಲಿರುವ ಮಾತಿಗೆ ಪುಸ್ತಕದಿಂದ ಸಾಕ್ಷಿ ತನ್ನಿ. “ತೌಲನಿಕವಾಗಿ ಚರ್ಚಿಸಿ” ಅಂದರೆ ತಕ್ಕಡಿಯ ಎರಡು ತಟ್ಟೆಯೂ ಕೊನೆಯವರೆಗೆ ಮೇಲೆ ಕೆಳಗೆ ಆಡುತ್ತಿರಬೇಕು. ತುಲನೆ ಅಂದರೆ ತೂಗುವುದು, ಅಷ್ಟೇ.

ಹೋಲಿಕೆಯ ಪ್ರಶ್ನೆ ಯಾವಾಗಲೂ “ಹೋಲಿಸಿ” ಅನ್ನುವ ಪದದ ಜೊತೆಗೇ ಬರುತ್ತದೆ ಅಂತ ಕಾಯಬೇಡಿ. “ಕಾರಂತರ ಕಾದಂಬರಿಗಳಲ್ಲಿ ಮನುಷ್ಯ ಮತ್ತು ಮಣ್ಣಿನ ಸಂಬಂಧ” ಅಂತ ಕೇಳಿದರೂ ಅದು ಹೋಲಿಕೆಯೇ. “ಕಾದಂಬರಿಗಳಲ್ಲಿ” ಅಂತ ಬಹುವಚನ ಇದೆ ನೋಡಿ. ಒಂದೇ ಕಾದಂಬರಿ ಹಿಡಿದು ನಾಲ್ಕು ಪುಟ ಬರೆದು ಬಂದರೆ ಅರ್ಧ ಉತ್ತರ ಬರೆದ ಹಾಗೆ.

ಯುಪಿಎಸ್‌ಸಿ ಐಚ್ಛಿಕದವರಿಗೆ ಲೆಕ್ಕ ನಿಖರವಾಗಿದೆ. ಎರಡು ಪತ್ರಿಕೆ, ಒಂದೊಂದಕ್ಕೆ 250 ಅಂಕ, 3 ಗಂಟೆ. 8 ಪ್ರಶ್ನೆಯಲ್ಲಿ 5 ಬರೆಯಬೇಕು, 1 ಮತ್ತು 5ನೆಯದು ಕಡ್ಡಾಯ. ಎಂ.ಎ.ಯವರು ನಿಮ್ಮ ಸೆಮಿಸ್ಟರಿನ ಈಚಿನ ಪತ್ರಿಕೆಯನ್ನೇ ನೋಡಿಕೊಳ್ಳಿ. ಸೀನಿಯರ್ ಹೇಳಿದ ಮಾದರಿಯನ್ನು ನಂಬಿ ಕೂರಬೇಡಿ. ಸಿಲಬಸ್ಸು ಬದಲಾದಾಗ ಅದೂ ಬದಲಾಗಿರುತ್ತದೆ.

2. ಮೂಲ ಪುಸ್ತಕ ಓದಿ, ಸಾರಾಂಶ ಓದಬೇಡಿ

ಇದನ್ನು ಎಲ್ಲರೂ ಹೇಳುತ್ತಾರೆ, ಯಾರೂ ಕೇಳುವುದಿಲ್ಲ. ಹಾಗಾಗಿ ಕಾರಣ ಹೇಳುತ್ತೇನೆ. ಗೈಡಿನಲ್ಲೋ ಮೊಬೈಲಿನಲ್ಲೋ ಸಿಗುವ ಸಾರಾಂಶದಲ್ಲಿ ಎಲ್ಲ ಕಾದಂಬರಿಯೂ ಒಂದೇ ಥರ ಕಾಣುತ್ತದೆ. ಬಡತನ, ಶೋಷಣೆ, ದುರಂತ, ಮಾನವೀಯತೆ. ಈ ನಾಲ್ಕು ಪದ ಇಟ್ಟುಕೊಂಡು ಏನನ್ನು ಹೋಲಿಸುತ್ತೀರಿ? ವ್ಯತ್ಯಾಸ ಇರುವುದು ಸಣ್ಣ ವಿವರಗಳಲ್ಲಿ. ಸಾರಾಂಶ ಮಾಡುವವರು ಮೊದಲು ಕತ್ತರಿಸಿ ಬಿಸಾಡುವುದೂ ಆ ವಿವರಗಳನ್ನೇ.

ಸಿನಿಮಾ ನೋಡಿ ಬರೆಯುವವರಿಗೂ ಇದೇ ಎಚ್ಚರಿಕೆ. ಬಿ.ವಿ. ಕಾರಂತರು 1975ರಲ್ಲಿ ಮಾಡಿದ ‘ಚೋಮನ ದುಡಿ’ ಒಳ್ಳೆಯ ಸಿನಿಮಾ, ಖಂಡಿತ ನೋಡಿ. ಆದರೆ ಸಿನಿಮಾ ಬೇರೆ, ಶಿವರಾಮ ಕಾರಂತರ ಪುಸ್ತಕ ಬೇರೆ. ತೆರೆಯ ಮೇಲೆ ಕಂಡದ್ದನ್ನು ಕಾದಂಬರಿಯ ದೃಶ್ಯ ಅಂತ ಬರೆದರೆ ಮೌಲ್ಯಮಾಪಕರಿಗೆ ತಕ್ಷಣ ಗೊತ್ತಾಗುತ್ತದೆ.

ಮೊದಲ ಸಲ ಸುಮ್ನೆ ಕಥೆಗಾಗಿ ಓದಿ. ಎರಡನೇ ಸಲ ಪೆನ್ಸಿಲ್ ಹಿಡಿದು ಓದಿ. ಲೈಬ್ರರಿ ಪುಸ್ತಕ ಆದರೆ ದಯವಿಟ್ಟು ಪೆನ್ಸಿಲ್ ಮನೆಯಲ್ಲಿಡಿ, ಚೀಟಿ ಇಟ್ಟುಕೊಳ್ಳಿ.

3. ವಸ್ತು ಬೇರೆ, ಆಶಯ ಬೇರೆ

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಒಂದು ಹಂತ ಕೈಗೆ ಸಿಕ್ಕರೆ ಉಳಿದದ್ದು ತಾನಾಗಿ ಬರುತ್ತದೆ.

ವಸ್ತು ಅಂದರೆ ಕೃತಿ ಯಾವುದರ ಬಗ್ಗೆ ಇದೆ ಅನ್ನುವುದು. ಭೂಮಿ, ಮದುವೆ, ಜಾತಿ, ಸಾವು, ಹಸಿವು ಇವೆಲ್ಲ ವಸ್ತು. ಆಶಯ ಅಂದರೆ ಅದರ ಬಗ್ಗೆ ಕೃತಿ ಏನು ಹೇಳುತ್ತಿದೆ, ಯಾವ ಕಡೆ ವಾಲುತ್ತಿದೆ ಅನ್ನುವುದು. ವಸ್ತುವನ್ನು ಒಂದು ಪದದಲ್ಲಿ ಹೇಳಬಹುದು. ಆಶಯಕ್ಕೆ ಪೂರ್ತಿ ವಾಕ್ಯ ಬೇಕು, ಕ್ರಿಯಾಪದ ಬೇಕು. ನಿಮ್ಮ ನೋಟ್ಸಿನಲ್ಲಿ “ಆಶಯ: ಭೂಮಿ” ಅಂತ ಇದ್ದರೆ ಈಗಲೇ ಹೊಡೆದು ಹಾಕಿ.

ಉದಾಹರಣೆಗೆ ‘ಚೋಮನ ದುಡಿ’ ಮತ್ತು ‘ಬೆಟ್ಟದ ಜೀವ’ ತಗೊಳ್ಳಿ. ಎರಡೂ ಶಿವರಾಮ ಕಾರಂತರದ್ದೇ. ಒಂದು 1933, ಇನ್ನೊಂದು 1943, ನಡುವೆ ಸರಿಯಾಗಿ ಹತ್ತು ವರ್ಷ. ಎರಡರಲ್ಲೂ ವಸ್ತು ಭೂಮಿ. “ಎರಡರಲ್ಲೂ ಭೂಮಿಯ ಹಂಬಲ ಕಂಡುಬರುತ್ತದೆ” ಅಂತ ಬರೆದು ಮುಗಿಸುವವರೇ ಹೆಚ್ಚು. ಈಗ ಎರಡಕ್ಕೂ ಒಂದು ಪ್ರಶ್ನೆ ಕೇಳಿ: ಭೂಮಿ ದುಡಿಯುವವನಿಗೆ ಸಿಗುತ್ತದಾ?

‘ಬೆಟ್ಟದ ಜೀವ’ದ ಗೋಪಾಲಯ್ಯ ಕಾಡು ಕಡಿದು ತೋಟ ಮಾಡಿದ ಗಟ್ಟಿ ಮನುಷ್ಯ. ಅವರಿಗೆ ನೆಲ ಇದೆ, ಅಡಿಕೆ ಇದೆ, ಹೆಂಡತಿ ಶಂಕರಮ್ಮ ಇದ್ದಾರೆ. ಮಗ ಶಂಭು ಮಾತ್ರ ಮನೆ ಬಿಟ್ಟು ಹೋಗಿದ್ದಾನೆ. ಇತ್ತ ಚೋಮನಿಗೆ ಮಕ್ಕಳಿದ್ದಾರೆ, ಎತ್ತುಗಳೂ ಇವೆ, ಉಳಲು ಒಂದು ತುಂಡು ನೆಲ ಇಲ್ಲ. ಅವನು ಹುಟ್ಟಿದ ಜಾತಿಯವರು ಬೇಸಾಯಗಾರರಾಗುವಂತಿಲ್ಲ. ಒಬ್ಬನಿಗೆ ನೆಲ ಉಂಟು, ಮುಂದೆ ಉಳುವ ಮಗನಿಲ್ಲ. ಇನ್ನೊಬ್ಬನಿಗೆ ಉಳುವ ಮಕ್ಕಳುಂಟು, ನೆಲ ಇಲ್ಲ. ಗೋಪಾಲಯ್ಯನ ಎದುರಾಳಿ ಕಾಡು, ಹುಲಿ, ಮಳೆ. ದುಡಿದರೆ ಅವು ಮಣಿಯುತ್ತವೆ. ಚೋಮನ ಎದುರಾಳಿ ಮನುಷ್ಯರು ಮಾಡಿದ ಕಟ್ಟು. ಅದು ದುಡಿಮೆಗೆ ಮಣಿಯುವುದಿಲ್ಲ. ಹತ್ತು ವರ್ಷದಲ್ಲಿ ಒಬ್ಬನೇ ಲೇಖಕ ಒಂದೇ ಜಿಲ್ಲೆಯ ಮಣ್ಣಿನ ಬಗ್ಗೆ ಎರಡು ಬೇರೆ ಮಾತು ಹೇಳಿದ್ದಾರೆ. ನಿಮ್ಮ ಉತ್ತರ ಇದು. ಕಥೆ ಹೇಳುವ ಅಗತ್ಯವೇ ಬೀಳಲಿಲ್ಲ, ಗಮನಿಸಿದಿರಾ?

ಸಾಮಾನ್ಯ ತಪ್ಪು: ಸಾಮ್ಯಗಳ ಪಟ್ಟಿ ಮಾಡುವುದು. ಎರಡರಲ್ಲೂ ಹಳ್ಳಿ ಇದೆ, ಎರಡರಲ್ಲೂ ಮಳೆ ಇದೆ, ಎರಡರಲ್ಲೂ ಮುದುಕರಿದ್ದಾರೆ. ಇದ್ದರೆ ಏನೀಗ? ಸಾಮ್ಯ ಅನ್ನುವುದು ಎರಡನ್ನೂ ಒಂದೇ ತಕ್ಕಡಿಗೆ ಹಾಕಲು ಬೇಕಾದ ಅನುಮತಿ ಮಾತ್ರ. ಎರಡು ಸಾಲಿನಲ್ಲಿ ಮುಗಿಸಿ. ಅಂಕ ಇರುವುದು “ಆದರೆ” ಅನ್ನುವ ಪದದ ನಂತರ.

4. ಗೋಡೆಗೆ ಅಂಟಿಸುವ ಹಾಳೆ

ಒಂದು ಹಾಳೆ, ಒಂದು ಪ್ರಶ್ನೆ. ಮೇಲೆ ಪ್ರಶ್ನೆ ಬರೆಯಿರಿ. ಅಡ್ಡಕ್ಕೆ ಮೂರೋ ನಾಲ್ಕೋ ಕೃತಿಯ ಹೆಸರು. ಕೆಳಗೆ ನಾಲ್ಕು ಸಾಲು: ಯಾವ ದೃಶ್ಯ, ಯಾರು ಹೇಳುತ್ತಿದ್ದಾರೆ, ಕೊನೆಗೆ ಏನಾಗುತ್ತದೆ, ನನಗೆ ಏನನಿಸಿತು. ಪ್ರತಿ ಮನೆಯಲ್ಲೂ ಹತ್ತು ಪದಕ್ಕಿಂತ ಜಾಸ್ತಿ ಬೇಡ. ತುಂಬದೆ ಖಾಲಿ ಉಳಿದ ಮನೆಯನ್ನು ಸುಳ್ಳು ಹೇಳಿ ತುಂಬಬೇಡಿ. ಕೆಲವು ಸಲ ಆ ಖಾಲಿ ಜಾಗವೇ ಒಳ್ಳೆಯ ವಿಚಾರ. ಹೆಂಗಸರ ಮಾತು ಒಂದು ಕೃತಿಯಲ್ಲಿ ಧಾರಾಳವಾಗಿದೆ, ಇನ್ನೊಂದರಲ್ಲಿ ಇಲ್ಲವೇ ಇಲ್ಲ ಅಂದರೆ ಅದನ್ನೇ ಬರೆಯಿರಿ.

ಇಂಥ ಆರೇಳು ಹಾಳೆ ಇದ್ದರೆ ಒಂದು ಪತ್ರಿಕೆಗೆ ಸಾಕು. ಇಪ್ಪತ್ತು ಹಾಳೆ ಮಾಡಿ ಗೋಡೆ ತುಂಬಿಸಿದವರು ನನಗೆ ಗೊತ್ತು. ಹಾಳೆ ಚೆನ್ನಾಗಿದ್ದವು, ಮೂರು ಬಣ್ಣದ ಸ್ಕೆಚ್‌ಪೆನ್ನು ಬೇರೆ. ಒಂದೂ ತಲೆಯಲ್ಲಿ ನಿಲ್ಲಲಿಲ್ಲ.

5. ಯಾರು ಹೇಳುತ್ತಿದ್ದಾರೆ ಅಂತ ನೋಡಿ

ನಿರೂಪಕ ಅಂದರೆ ಕಥೆ ಹೇಳುವ ದನಿ. ಅದು ಲೇಖಕರೇ ಆಗಬೇಕಿಲ್ಲ. ‘ಬೆಟ್ಟದ ಜೀವ’ದಲ್ಲಿ ದಾರಿ ತಪ್ಪಿ ಬಂದ ಅತಿಥಿಯೊಬ್ಬ “ನಾನು” ಅಂತ ಹೇಳುತ್ತಾನೆ. ಹಾಗಾಗಿ ಗೋಪಾಲಯ್ಯನ ಮನಸ್ಸಿನ ಒಳಗೆ ನಮಗೆ ನೇರ ಪ್ರವೇಶ ಇಲ್ಲ. ಅವರು ಆಡಿದ ಮಾತು, ಆಡದೆ ಉಳಿಸಿದ ಮಾತು ನೋಡಿ ಊಹಿಸಬೇಕು. ಮಗನ ಸುದ್ದಿ ಬಂದಾಗ ಇದು ಎಷ್ಟು ಕೆಲಸ ಮಾಡುತ್ತದೆ ಅಂತ ಓದಿದವರಿಗೆ ಗೊತ್ತು.

ಇನ್ನು ‘ಚೋಮನ ದುಡಿ’ಯನ್ನು ದೇವನೂರ ಮಹಾದೇವರ ‘ಒಡಲಾಳ’ದ ಪಕ್ಕ ಇಡಿ. ಎರಡೂ ದಲಿತ ಮನೆಯ ಕಥೆ. ‘ಒಡಲಾಳ’ದಲ್ಲಿ ಮುದುಕಿ ಸಾಕವ್ವನ ಹುಂಜ ಕಳೆದುಹೋಗಿದೆ, ಅದನ್ನು ಹುಡುಕುತ್ತಾ ಕಥೆ ಶುರು. ರಾತ್ರಿ ಮನೆಗೆ ಕದ್ದ ಕಡಲೆಕಾಯಿ ಮೂಟೆ ಬರುತ್ತದೆ. ಮನೆ ಮಂದಿಯೆಲ್ಲ ಸುತ್ತ ಕೂತು ತಿನ್ನುತ್ತಾರೆ. ಬೆಳಗಾದರೆ ಪೊಲೀಸರು. ನಡುವೆ ಪುಟ್ಟಗೌರಿ ಗೋಡೆಯ ಮೇಲೆ ನವಿಲು ಬರೆಯುತ್ತಾಳೆ.

ಚಳ್ಳಕೆರೆ ಕಡೆಯ ಹುಡುಗರಿಗೆ ಈ ಭಾಗ ಪಾಠ ಮಾಡುವುದೇ ಒಂದು ಖುಷಿ. ಅವರಿಗೆ ಅದು ಕಡಲೆಕಾಯಿ ಅಲ್ಲ, ಶೇಂಗಾ. ಒಂದು ಮೂಟೆ ಶೇಂಗಾ ಸುಲಿದರೆ ಎಷ್ಟು ಸಿಪ್ಪೆ ಬೀಳುತ್ತದೆ, ಆ ಸಿಪ್ಪೆ ಎಲ್ಲಿ ಬಚ್ಚಿಡುವುದು ಅಂತ ಅವರೇ ಕೇಳುತ್ತಾರೆ. ಸರಿಯಾದ ಪ್ರಶ್ನೆ! ಆ ರಾತ್ರಿಯ ಭಯ ಇರುವುದೂ ನಗು ಇರುವುದೂ ಆ ಸಿಪ್ಪೆಯಲ್ಲೇ. ಒಂದು ದೃಶ್ಯವನ್ನು ಹೀಗೆ ಹತ್ತಿರದಿಂದ ನೋಡಿದವರು ಪರೀಕ್ಷೆಯಲ್ಲಿ “ಹಸಿವಿನ ಚಿತ್ರಣ ಮನಕಲಕುವಂತಿದೆ” ಅಂತ ಬರೆಯುವುದಿಲ್ಲ. ಆ ಮನೆಯಲ್ಲಿ ಒಂದು ರಾತ್ರಿಗೆ ಹೊಟ್ಟೆ ತುಂಬಿದ್ದು ಕಳವಿನಿಂದ, ಅದನ್ನು ಮನೆಯವರು ಹಬ್ಬದ ಹಾಗೆ ತಿಂದರು ಅಂತ ಬರೆಯುತ್ತಾರೆ.

ಈಗ ಹೋಲಿಸಿ. ಚೋಮ ಕೊನೆಗೆ ಒಬ್ಬನೇ, ಬಾಗಿಲು ಮುಚ್ಚಿಕೊಂಡು ದುಡಿ ಬಾರಿಸುತ್ತಾ ಸಾಯುತ್ತಾನೆ. ಸಾಕವ್ವನ ಮನೆ ಜಗಳ, ನಗು, ಮಕ್ಕಳಿಂದ ಗಿಜಿಗುಡುತ್ತದೆ. ಕಾರಂತರ ನಿರೂಪಣೆ ಚೋಮನನ್ನು ಕನಿಕರದಿಂದ, ಸ್ವಲ್ಪ ದೂರ ನಿಂತು ನೋಡುತ್ತದೆ. ಮಹಾದೇವರ ನಿರೂಪಣೆ ಅದೇ ಒಲೆಯ ಮುಂದೆ ಕೂತಿರುತ್ತದೆ, ಪಾತ್ರಗಳು ತಮ್ಮ ಮನೆಮಾತಿನಲ್ಲೇ ಮಾತಾಡುತ್ತವೆ. ಎಚ್ಚರಿಕೆ: ಇಲ್ಲಿಂದ ಜಿಗಿದು “ಆದ್ದರಿಂದ ಕಾರಂತರದ್ದು ಸುಳ್ಳು, ಮಹಾದೇವರದ್ದು ಸತ್ಯ” ಅಂತ ಬರೆಯುವವರಿದ್ದಾರೆ. ಅದು ಘೋಷಣೆ, ವಿಮರ್ಶೆ ಅಲ್ಲ. ಹೊರಗಿನಿಂದ ನೋಡಿದಾಗ ಏನು ಕಾಣುತ್ತದೆ, ಒಳಗಿನಿಂದ ನೋಡಿದಾಗ ಏನು ಕಾಣುತ್ತದೆ ಅಂತ ತೋರಿಸಿದರೆ ಸಾಕು.

6. ಹೆಣೆದು ಬರೆಯಿರಿ

ಬರೆಯುವುದಕ್ಕೆ ಎರಡು ದಾರಿ. ಮೊದಲನೆಯದು ಪಾಲು ಮಾಡಿ ಬರೆಯುವುದು: ಮೊದಲ ಅರ್ಧ ಒಂದು ಕೃತಿ, ಉಳಿದರ್ಧ ಇನ್ನೊಂದು. ಎರಡನೆಯದು ಹೆಣೆದು ಬರೆಯುವುದು: ಪ್ರತಿ ಪ್ಯಾರಾದಲ್ಲೂ ಒಂದು ಅಂಶ, ಆ ಅಂಶದಲ್ಲಿ ಎರಡೂ ಕೃತಿ. ಜಡೆ ಹೆಣೆಯುವ ಹಾಗೆ. ಪಾಲು ಮಾಡುವುದು ಸುಲಭ, ಆದರೆ ಸಮಯ ಮುಗಿದಾಗ ಎರಡನೇ ಕೃತಿ ಬಡವಾಗುತ್ತದೆ, ಹೋಲಿಕೆ ಬರುವುದೇ ಇಲ್ಲ. ಹೆಣೆದು ಬರೆದರೆ ಎಲ್ಲಿ ಗಂಟೆ ಬಾರಿಸಿದರೂ ಅಲ್ಲಿಯವರೆಗೆ ಬರೆದದ್ದು ಹೋಲಿಕೆಯೇ ಆಗಿರುತ್ತದೆ.

ಮಾದರಿಗೆ ಕುವೆಂಪು ಅವರ ‘ಶೂದ್ರ ತಪಸ್ವಿ’ (1944) ಮತ್ತು ಗಿರೀಶ ಕಾರ್ನಾಡರ ‘ತುಘಲಕ್’ (1964). ಯುಪಿಎಸ್‌ಸಿ ಪಠ್ಯದಲ್ಲಿ ಎರಡೂ ಇವೆ. ವಿದ್ಯಾರ್ಥಿಗಳು ಸಾಮಾನ್ಯವಾಗಿ ಇವನ್ನು ಜೋಡಿಸುವುದಿಲ್ಲ. ಒಂದು ಪುರಾಣ, ಒಂದು ಇತಿಹಾಸ, ಏನು ಸಂಬಂಧ ಅನ್ನುತ್ತಾರೆ. ಆದರೆ ನೋಡಿ. ಎರಡು ನಾಟಕದಲ್ಲೂ ಅರಸನ ಮುಂದೆ ಒಬ್ಬ ಬ್ರಾಹ್ಮಣನ ದೂರು ಇದೆ! ‘ಶೂದ್ರ ತಪಸ್ವಿ’ಯಲ್ಲಿ ಮಗನನ್ನು ಕಳೆದುಕೊಂಡ ಬ್ರಾಹ್ಮಣ, ಶೂದ್ರನಾದ ಶಂಬೂಕ ತಪಸ್ಸು ಮಾಡಿದ್ದೇ ಇದಕ್ಕೆ ಕಾರಣ ಅಂತ ರಾಮನಿಗೆ ದೂರು ಕೊಡುತ್ತಾನೆ. ‘ತುಘಲಕ್’ನ ಮೊದಲ ದೃಶ್ಯದಲ್ಲೇ ಬ್ರಾಹ್ಮಣನೊಬ್ಬ ಸುಲ್ತಾನನ ಮೇಲೇ ಜಮೀನಿನ ದಾವೆ ಹೂಡಿ ಗೆಲ್ಲುತ್ತಾನೆ. ಅವನು ಬ್ರಾಹ್ಮಣ ಅಲ್ಲ, ವೇಷ ಹಾಕಿದ ಅಗಸ ಅಜೀಜ್ ಅಂತ ಆಮೇಲೆ ತಿಳಿಯುತ್ತದೆ.

ಇದನ್ನು ಹೆಣೆದು ಬರೆದರೆ ಒಂದು ಪ್ಯಾರಾ ಹೀಗಿರುತ್ತದೆ:

“ಎರಡೂ ನಾಟಕಗಳು ಅಧಿಕಾರವನ್ನು ಒಂದು ದೂರಿನ ಮೂಲಕ ಪರೀಕ್ಷೆಗೆ ಒಡ್ಡುತ್ತವೆ. ಕುವೆಂಪು ಅವರಲ್ಲಿ ದೂರುದಾರ ನಿಜ, ದೂರು ಸುಳ್ಳು. ಕಾರ್ನಾಡರಲ್ಲಿ ದೂರು ಗೆಲ್ಲುತ್ತದೆ, ದೂರುದಾರನೇ ಸುಳ್ಳು. ರಾಮ ತೀರ್ಪನ್ನು ತಾನು ಕೊಡದೆ ಬಾಣಕ್ಕೆ ಬಿಡುತ್ತಾನೆ. ಬಾಣ ತಪಸ್ವಿಯನ್ನು ಬಿಟ್ಟು ದೂರಿದವನ ಕಡೆಗೇ ತಿರುಗುತ್ತದೆ, ಬ್ರಾಹ್ಮಣ ತಪ್ಪು ಅರಿತು ಶಂಬೂಕನಿಗೆ ತಲೆಬಾಗುತ್ತಾನೆ. ತುಘಲಕ್‌ನ ಬಳಿ ಅಂಥ ಬಾಣ ಇಲ್ಲ. ಅವನ ಆದರ್ಶದ ನ್ಯಾಯವನ್ನು ಮೋಸಗಾರನೊಬ್ಬ ಮೊದಲ ದಿನವೇ ಬಳಸಿಕೊಳ್ಳುತ್ತಾನೆ, ಕೊನೆಗೆ ಅದು ಗೊತ್ತಾದರೂ ಸುಲ್ತಾನ ಅವನನ್ನು ಶಿಕ್ಷಿಸುವುದಿಲ್ಲ. ಒಂದು ನಾಟಕದಲ್ಲಿ ನ್ಯಾಯ ಅರಸನಿಗಿಂತ ದೊಡ್ಡದು, ಇನ್ನೊಂದರಲ್ಲಿ ಅರಸನ ಜೊತೆಗೇ ಕುಸಿಯುತ್ತದೆ.”

ಈ ಪ್ಯಾರಾದಲ್ಲಿ ಲೇಖಕರ ಹುಟ್ಟೂರು ಇಲ್ಲ, ಪ್ರಶಸ್ತಿ ಇಲ್ಲ. ಮುಂದಿನ ಪ್ಯಾರಾದಲ್ಲಿ ಕಾಲದ ಮಾತು ತನ್ನಿ. ಮೊದಲನೆಯದು ಸ್ವಾತಂತ್ರ್ಯಕ್ಕೆ ಮೂರು ವರ್ಷ ಮೊದಲು ಬಂದದ್ದು, ನವೋದಯ ಅನ್ನುವ ಸಾಹಿತ್ಯ ಘಟ್ಟದ ನಂಬಿಕೆ ಅದರಲ್ಲಿದೆ. ಎರಡನೆಯದು ಸ್ವಾತಂತ್ರ್ಯ ಬಂದು ಹದಿನೇಳು ವರ್ಷಕ್ಕೆ, ಆದರ್ಶದ ಬಗ್ಗೆ ಗುಮಾನಿ ಶುರುವಾದ ನವ್ಯ ಅನ್ನುವ ಮುಂದಿನ ಘಟ್ಟದ್ದು. ನವೋದಯ, ನವ್ಯ ಅನ್ನುವ ಪದಗಳನ್ನು ಇಂಥ ಕಡೆ ಕೆಲಸಕ್ಕೆ ಹಚ್ಚಿ, ಅಲಂಕಾರಕ್ಕೆ ಇಡಬೇಡಿ. ಜೊತೆಗೆ, ವಾಲ್ಮೀಕಿ ರಾಮಾಯಣದ ಉತ್ತರಕಾಂಡದಲ್ಲಿ ರಾಮ ಶಂಬೂಕನನ್ನು ಕೊಲ್ಲುತ್ತಾನೆ, ಕುವೆಂಪು ಅದನ್ನು ಬದಲಿಸಿದರು ಅನ್ನುವ ಒಂದು ಸಾಲು ಇರಲೇಬೇಕು. ಅದಿಲ್ಲದೆ ಆ ನಾಟಕದ ಬಗ್ಗೆ ಬರೆದ ಉತ್ತರ ಕುಂಟುತ್ತದೆ.

ಮೊದಲ ವಾಕ್ಯದ ಬಗ್ಗೆ ಇನ್ನೊಂದು ಮಾತು. “ಕನ್ನಡ ಸಾಹಿತ್ಯಕ್ಕೆ ಸುದೀರ್ಘ ಪರಂಪರೆಯಿದೆ” ಅಂತ ಶುರು ಮಾಡಬೇಡಿ. ಪತ್ರಿಕೆ ನೋಡುವವರಿಗೆ ಅದು ಗೊತ್ತಿದೆ. ಆ ದಿನ ಅವರು ಅದನ್ನು ಆಗಲೇ ಎಷ್ಟೋ ಸಲ ಓದಿರುತ್ತಾರೆ.

7. ಹಳಗನ್ನಡ, ನಡುಗನ್ನಡ ಅಂದರೆ ಹೆದರಬೇಡಿ

ಪಂಪನ ಕರ್ಣ, ಕುಮಾರವ್ಯಾಸನ ಕರ್ಣ. ಇದು ಕೇಳಿದ್ದನ್ನೇ ಕೇಳುವ ಪ್ರಶ್ನೆ. ಇಲ್ಲೂ ಉಪಾಯ ಒಂದೇ. “ಇಬ್ಬರೂ ಕರ್ಣನನ್ನು ಉದಾತ್ತವಾಗಿ ಚಿತ್ರಿಸಿದ್ದಾರೆ” ಅಂತ ಹೇಳಿ ಕೈ ತೊಳೆದುಕೊಳ್ಳಬೇಡಿ. ಕವಿ ಯಾರ ಕಥೆ ಹೇಳಲು ಹೊರಟಿದ್ದ, ಆ ಕಥೆಯಲ್ಲಿ ಕರ್ಣ ಎಲ್ಲಿ ನಿಲ್ಲುತ್ತಾನೆ ಅಂತ ಕೇಳಿ.

ಪಂಪ 941ರಲ್ಲಿ ‘ವಿಕ್ರಮಾರ್ಜುನ ವಿಜಯ’ ಬರೆದಾಗ ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನ ಜೊತೆ ಒಂದಾಗಿಸಿದ. ಅಂದರೆ ಕಥಾನಾಯಕ ಅರ್ಜುನ. ಆದರೂ ಕರ್ಣ ಬಿದ್ದಾಗ ಪಂಪನಿಗೆ ತಡೆಯಲಾಗಲಿಲ್ಲ: “ನೆನೆಯದಿರಣ್ಣ ಭಾರತದೊಳಿಂ ಪೆಱರಾರುಮನೊಂದೆ ಚಿತ್ತದಿಂ ನೆನೆವೊಡೆ ಕರ್ಣನಂ ನೆನೆಯ”. ಭಾರತದಲ್ಲಿ ಬೇರೆ ಯಾರನ್ನೂ ನೆನೆಯಬೇಡ, ನೆನೆಯುವುದಾದರೆ ಒಂದೇ ಮನಸ್ಸಿನಿಂದ ಕರ್ಣನನ್ನು ನೆನೆ ಅಂತ. ಒಡೆಯನ ಅನ್ನ ಉಂಡು ಒಡೆಯನ ಎದುರಾಳಿಯನ್ನು ಹೀಗೆ ಹೊಗಳುವುದು ಸಣ್ಣ ಮಾತಲ್ಲ. ಕುಮಾರವ್ಯಾಸ ತನ್ನ ಭಾರತದ ಶುರುವಿನಲ್ಲೇ “ತಿಳಿಯ ಹೇಳುವೆ ಕೃಷ್ಣಕಥೆಯನು” ಅಂದುಬಿಟ್ಟಿದ್ದಾನೆ. ಅಲ್ಲಿ ಕರ್ಣನ ಪಕ್ಕದಲ್ಲಿ ಯಾವಾಗಲೂ ಕೃಷ್ಣನ ನೆರಳು. ಹುಟ್ಟಿನ ಗುಟ್ಟು ಹೇಳುವಾಗ ಕೃಷ್ಣ ಕರ್ಣನನ್ನು ರಥದಲ್ಲಿ ತನ್ನ ಪಕ್ಕಕ್ಕೆ ಎಳೆದು ಕೂರಿಸಿಕೊಂಡು ಮೈದುನತನದ ಸರಸ ಆಡುವುದನ್ನು ಶಾಲೆಯಲ್ಲೇ ಓದಿದ್ದೀರಿ. ಎಷ್ಟು ಆಪ್ತ, ಅಷ್ಟೇ ಕ್ರೂರ. ಪಂಪನಲ್ಲಿ ಕರ್ಣನ ಹಟದ ಬೇರು ಗೆಳೆತನದಲ್ಲಿದೆ. ಭಾನುಮತಿಯ ಜೊತೆ ಪಗಡೆ ಆಡುವಾಗ ಮುತ್ತಿನ ಹಾರ ಹರಿದರೆ, ಅಲ್ಲಿಗೆ ಬಂದ ದುರ್ಯೋಧನ ಅನುಮಾನ ಪಡದೆ “ಇವನ್ನು ಆಯ್ದು ಕೊಡಲೇ” ಅಂದನಲ್ಲ, ಅಂಥವನನ್ನು ಬಿಟ್ಟು ಹೇಗೆ ಬರಲಿ ಅಂತ ಕರ್ಣ ಕೃಷ್ಣನಿಗೇ ಕೇಳುತ್ತಾನೆ.

ನಿಮ್ಮ ಪಠ್ಯದಲ್ಲಿ ಯಾವ ಆಶ್ವಾಸ, ಯಾವ ಪರ್ವ ಇದೆ ನೋಡಿಕೊಳ್ಳಿ. ಆಶ್ವಾಸ ಅಂದರೆ ಪಂಪನ ಕಾವ್ಯದ ಅಧ್ಯಾಯ. ಯುಪಿಎಸ್‌ಸಿಗೆ ಪಂಪನ 12 ಮತ್ತು 13ನೇ ಆಶ್ವಾಸ, ಕುಮಾರವ್ಯಾಸನ ಕರ್ಣಪರ್ವ. ಅದರ ಹೊರಗಿನ ದೃಶ್ಯಕ್ಕೆ ಒಂದೆರಡು ಸಾಲು ಸಾಕು.

ಉದ್ಧರಣೆ, ಅಂದರೆ ಕೃತಿಯ ಸಾಲನ್ನು ಇದ್ದ ಹಾಗೇ ಬರೆಯುವುದು. ಒಂದು ಉತ್ತರಕ್ಕೆ ಎರಡು ಸಾಕು. ಅರ್ಧ ನೆನಪಿದ್ದು ಅರ್ಧ ಕಟ್ಟಿ ಬರೆದರೆ ಛಂದಸ್ಸು ಕೆಟ್ಟಿರುವುದು ಮೇಷ್ಟ್ರಿಗೆ ಕಿವಿಯಲ್ಲೇ ಗೊತ್ತಾಗುತ್ತದೆ. ನೆನಪಿಲ್ಲವಾ, ಉದ್ಧರಣ ಚಿಹ್ನೆ ಹಾಕದೆ ನಿಮ್ಮ ಮಾತಿನಲ್ಲಿ ಹೇಳಿ.

8. ಊರಿನ ಅಭಿಮಾನಕ್ಕೆ ಸ್ವಲ್ಪ ಲಗಾಮು

ಚಿತ್ರದುರ್ಗದ ಮಕ್ಕಳೇ, ಬೇಜಾರಾಗಬೇಡಿ. ಸ್ತ್ರೀ ಪಾತ್ರ ಅಂದ ತಕ್ಷಣ ಓಬವ್ವ, ಅರಸು ಅಂದ ತಕ್ಷಣ ಮದಕರಿ. ಪ್ರಶ್ನೆಗೆ ಹೊಂದದಿದ್ದರೆ ಬೇಡ. ಆದರೆ ಹೊಂದುವ ಕಡೆ ಬಿಡಲೂ ಬೇಡಿ. ಐತಿಹಾಸಿಕ ಕಾದಂಬರಿಯ ಪ್ರಶ್ನೆ ಬಂದರೆ ತ.ರಾ.ಸು. ಅವರ ‘ದುರ್ಗಾಸ್ತಮಾನ’ ನಿಮ್ಮ ಕೈಯಲ್ಲೇ ಇದೆ. ಮಲೆಬೆನ್ನೂರಲ್ಲಿ ಹುಟ್ಟಿದವರು, ಅದಕ್ಕೆ 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, ಅಷ್ಟರಲ್ಲಿ ಅವರು ತೀರಿಕೊಂಡಿದ್ದರು. ಇದು ನೀವು ತಿಳಿದಿರಲಿ ಅಂತ, ಉತ್ತರದಲ್ಲಿ ಬರೆಯಲು ಅಲ್ಲ.

ಅದನ್ನು ‘ತುಘಲಕ್’ ಜೊತೆ ಇಟ್ಟು ನೋಡಿ. 1779ರಲ್ಲಿ ದುರ್ಗ ಹೈದರಾಲಿಯ ವಶವಾಯಿತು ಅಂತ ಓದುಗರಿಗೆ ಮೊದಲೇ ಗೊತ್ತು. ತುಘಲಕ್‌ನ ರಾಜಧಾನಿ ಸ್ಥಳಾಂತರ ಕೆಟ್ಟಿತು ಅಂತಲೂ ಗೊತ್ತು. ಕೊನೆ ಗೊತ್ತಿರುವ ಕಥೆಯನ್ನು ಇಬ್ಬರೂ ಹೇಗೆ ನಡೆಸುತ್ತಾರೆ? ಒಬ್ಬರಿಗೆ ಬೀಳುವ ಕೋಟೆಯ ಮೇಲೆ ಪ್ರೀತಿ, ಇನ್ನೊಬ್ಬರಿಗೆ ಬೀಳುವ ಅರಸನ ಮೇಲೆ ಕುತೂಹಲ. ಇದನ್ನು ಹಿಡಿದು ಮೂರು ಪುಟ ಆರಾಮಾಗಿ ಬರೆಯಬಹುದು.

9. ಗಡಿಯಾರ ಇಟ್ಟುಕೊಂಡು ಬರೆಯಿರಿ

3 ಗಂಟೆ ಅಂದರೆ 180 ನಿಮಿಷ. 5 ಪ್ರಶ್ನೆಗೆ ತಲಾ 36. ಐವತ್ತು ಅಂಕದ ಪ್ರಶ್ನೆ 20, 15, 15 ಅಂತ ಒಡೆದಿದ್ದರೆ 14, 11, 11 ನಿಮಿಷ. 14 ನಿಮಿಷದಲ್ಲಿ ಮೊದಲ 2 ನಿಮಿಷ ಪೆನ್ನು ಕೆಳಗಿಡಿ. ಪ್ರಶ್ನೆಯನ್ನು ನಿಮ್ಮ ಮಾತಿನಲ್ಲಿ ಒಂದು ಸಲ ಹೇಳಿಕೊಳ್ಳಿ, ಮೂರು ಅಂಶ ಗುರುತು ಹಾಕಿಕೊಳ್ಳಿ. ಆ 2 ನಿಮಿಷ ದಂಡ ಅನಿಸುತ್ತದೆ, ಪಕ್ಕದವರು ಆಗಲೇ ಅರ್ಧ ಪುಟ ಬರೆದಿರುತ್ತಾರೆ, ಎದೆ ಡವಡವ ಅನ್ನುತ್ತದೆ, ಆದರೂ ಇಡಿ.

ವಾರಕ್ಕೆ ಎರಡು ಉತ್ತರ ಹೀಗೆ ಬರೆದು ಗೆಳೆಯರ ಜೊತೆ ಅದಲು ಬದಲು ಮಾಡಿಕೊಳ್ಳಿ. ತಿದ್ದುವ ಕ್ರಮ ಸರಳ: ಪ್ರತಿ ಪ್ಯಾರಾದಲ್ಲೂ ಎರಡು ಕೃತಿಯ ಹೆಸರಿದೆಯಾ, ಕನಿಷ್ಠ ಒಂದು ದೃಶ್ಯ ಇದೆಯಾ, “ಆದರೆ” ಇದೆಯಾ. ಮಂಡಕ್ಕಿ ಮಿರ್ಚಿ ತಿನ್ನುತ್ತಲೂ ಮಾಡಬಹುದು, ಎಣ್ಣೆ ಕೈ ಹಾಳೆಗೆ ತಾಗದಿದ್ದರೆ ಆಯಿತು.

ಕೊನೆಗೆ ಎಲ್ಲರೂ ಮೆಲ್ಲಗೆ ಕೇಳುವ ಪ್ರಶ್ನೆ: “ಎರಡರಲ್ಲಿ ಒಂದು ಓದೇ ಇಲ್ಲ, ಏನು ಮಾಡಲಿ?” ಆಯ್ಕೆ ಇದ್ದರೆ ಆ ಪ್ರಶ್ನೆ ಬಿಡಿ. ಕಡ್ಡಾಯ ಆಗಿದ್ದರೆ ಓದಿದ ಕೃತಿಯ ಮೇಲೆ ನಿಂತು, ಇನ್ನೊಂದರ ಬಗ್ಗೆ ಖಚಿತವಾಗಿ ಗೊತ್ತಿರುವ ಎರಡು ಮಾತನ್ನು ಮಾತ್ರ ಹೆಣೆಯಿರಿ. ಕಥೆಯನ್ನು ನೀವೇ ಕಟ್ಟಬೇಡಿ. ಒಂದು ಅಭ್ಯಾಸ ಪರೀಕ್ಷೆಯಲ್ಲಿ ಒಬ್ಬ ಹುಡುಗ ಚೋಮನಿಗೆ ಕೊನೆಯ ಪುಟದಲ್ಲಿ ಎರಡು ಎಕರೆ ಗದ್ದೆ ಕೊಡಿಸಿದ್ದ. ಸಿಗಬೇಕಿತ್ತು ಅಂತ ನನಗೂ ಅನಿಸಿತು. ಅಂಕ ಮಾತ್ರ ಕೊಡಲಿಲ್ಲ.